ಡಿಗ್ರಿ ಮುಗಿದ ಮೇಲೂ ಓದು ನಿಲ್ಲದಿರಲಿ: ಓದುಕೂಟ ಕಟ್ಟುವುದು ಹೇಗೆ?

ಪಂಪ, ಜನ್ನ, ಹರಿಹರ, ಕುಮಾರವ್ಯಾಸರನ್ನು ತರಗತಿಯಲ್ಲಿ ಕೂತು ಓದಿದವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಕನ್ನಡ ಎಂ.ಎ. ಮಾಡಿದವರು, ಸಂಸ್ಕೃತ ಓದಿದವರು, ಬಿ.ಎ.ನಲ್ಲಿ ಇತಿಹಾಸ, ತತ್ವಶಾಸ್ತ್ರ, ಐಚ್ಛಿಕ ಕನ್ನಡ ತೆಗೆದುಕೊಂಡವರು. ಇವತ್ತು ಅವರಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ, ಒಬ್ಬರು ಬ್ಯಾಂಕ್ ಕೌಂಟರಿನಲ್ಲಿ. ಇನ್ನೊಬ್ಬರು ಮನೆ, ಮಕ್ಕಳು ಅಂತ ಓಡಾಡಿ ಸಂಜೆ ನಾಲ್ಕು ಹುಡುಗರಿಗೆ ಟ್ಯೂಷನ್ ಹೇಳುತ್ತಾರೆ. ಬ್ಯಾಚಿನ ವಾಟ್ಸಾಪ್ ಗುಂಪು ಎಲ್ಲರಿಗೂ ಇದೆ. ಅದರಲ್ಲಿ ಶುಭೋದಯದ ಹೂವು ಬರುತ್ತದೆ, ಹುಟ್ಟುಹಬ್ಬದ ಕೇಕು ಬರುತ್ತದೆ, ಯಾರೋ ತೀರಿಕೊಂಡ ಸುದ್ದಿ ಬರುತ್ತದೆ. ಓದಿನ ಮಾತು ಬರುವುದಿಲ್ಲ.

ಕಾಲೇಜಿನಿಂದ ಹೊರಬಿದ್ದ ಮೇಲೆ ಇವರಿಗೆ ಸಿಗದೇ ಹೋದದ್ದು ಒಂದೇ: ಒಂದು ಪದ್ಯ ಮುಂದಿಟ್ಟುಕೊಂಡು ಹೊತ್ತು ಹೋದದ್ದು ಗೊತ್ತಾಗದ ಹಾಗೆ ವಾದ ಮಾಡುವ ಜೊತೆ. ಒಬ್ಬರೇ ಕೂತು ಹಳಗನ್ನಡ ಓದುವುದು ಕಷ್ಟ. ಎರಡು ಪುಟ ಓದಿ, ಮೂರನೆಯ ದಿನ ಪುಸ್ತಕ ಕಪಾಟಿಗೆ ಹೋಗುತ್ತದೆ. ಐದಾರು ಜನ ಸೇರಿದರೆ ಅದೇ ಪುಸ್ತಕ ವರ್ಷವಿಡೀ ಮೇಜಿನ ಮೇಲಿರುತ್ತದೆ.

ಈ ಲೇಖನ ಅಂಥ ಕೂಟ ಕಟ್ಟಬೇಕು ಅನ್ನುವವರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ನೆನಪಿನ ಮೇಲೆ ಕಟ್ಟಿದ ಗುಂಪು ಎರಡು ಸಲ ಸೇರುತ್ತದೆ, ಫೋಟೊ ತೆಗೆಸಿಕೊಳ್ಳುತ್ತದೆ, ಅಲ್ಲಿಗೆ ಮುಗಿಯುತ್ತದೆ. ಪಠ್ಯದ ಮೇಲೆ ಕಟ್ಟಿದ ಕೂಟಕ್ಕೆ ಮುಂದಿನ ಸಲ ಸೇರಲು ಒಂದು ಕಾರಣ ಇದ್ದೇ ಇರುತ್ತದೆ, ಯಾಕೆಂದರೆ ಕತೆ ಇನ್ನೂ ಮುಗಿದಿರುವುದಿಲ್ಲ. ಕೆಳಗೆ ಹೇಳುವುದೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ಬೇರೆಯವರು ಹೇಗೆ ಮಾಡಿದ್ದಾರೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನ್ನಾಪೊಲಿಸ್‌ನಲ್ಲಿ ಸೇಂಟ್ ಜಾನ್ಸ್ ಕಾಲೇಜ್ ಇದೆ. 1937ರಿಂದ ಅಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಪುಸ್ತಕಗಳ ಪಟ್ಟಿ ಓದುತ್ತಾರೆ. ಹೋಮರ್, ಪ್ಲೇಟೊನಿಂದ ಶುರುವಾಗಿ ಈಚಿನವರೆಗೂ ಬರುತ್ತಾರೆ. ಯೂಕ್ಲಿಡನ ರೇಖಾಗಣಿತವೂ ಅದರಲ್ಲಿದೆ. ಅವರ ಓದಿನ ಜೀವಾಳ ಸೆಮಿನಾರ್. ಅಲ್ಲಿ ಉಪನ್ಯಾಸ ಇರುವುದಿಲ್ಲ. ದೊಡ್ಡ ಮೇಜಿನ ಸುತ್ತ ವಿದ್ಯಾರ್ಥಿಗಳು, ಜೊತೆಗೆ ಇಬ್ಬರು ಅಧ್ಯಾಪಕರು. ಅಧ್ಯಾಪಕರಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತಾರೆ. ಆಮೇಲೆ ಸುಮಾರು ಎರಡು ಗಂಟೆ ಮಾತು. ಇಲ್ಲಿ ಓದಿ ಹೊರಗೆ ಹೋದವರು ತಮ್ಮ ತಮ್ಮ ಊರುಗಳಲ್ಲಿ ಸೇರಿ ಇದೇ ರೀತಿಯ ಸೆಮಿನಾರ್ ನಡೆಸಿಕೊಂಡು ಬಂದಿದ್ದಾರೆ. ಕೆಲಸ ವಕೀಲಿಕೆಯೋ ಡಾಕ್ಟರಿಕೆಯೋ ಏನಾದರೂ ಇರಲಿ, ಸೇರಿದಾಗ ಮೇಜಿನ ಮೇಲೆ ಇರುವುದು ಪುಸ್ತಕ.

ಇದನ್ನು ಕೇಳಿ ಇದು ನಮಗೆ ಹೊಸದು ಅನ್ನಿಸಬಾರದು. ಗಮಕದಲ್ಲಿ ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಇದನ್ನು ಊರಿಗೆ ಊರೇ ಉಳಿಸಿಕೊಂಡಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿಗೆ ಮಾತು ಕೊಡುತ್ತಾರೆ. ಒಂದು ಪದ್ಯದ ಮೇಲೆ ಅರ್ಧ ಗಂಟೆ ವಾದ ಕಟ್ಟುವುದು ಅವರಿಗೆ ಸಲೀಸು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಬೆಂಗಳೂರಿನಲ್ಲಿ ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, ಅಲ್ಲಿ ಎಳೆಯರನ್ನು ಕೂಡಿಸಿಕೊಂಡು ಅಧ್ಯಯನ ಗೋಷ್ಠಿ ನಡೆಸಿದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ರಂಗಸಂಸ್ಥೆ ನೀನಾಸಮ್ ಒಂದು ಹಳ್ಳಿಯಲ್ಲಿ ನಿಂತು ವರ್ಷಕ್ಕೊಮ್ಮೆ ಸಂಸ್ಕೃತಿ ಶಿಬಿರ ಮಾಡುತ್ತಾ ಬಂದಿದೆ.

ಹೊರಗಿನವರಿಂದ ಪ್ರಶ್ನೆ ಕೇಳುವ ಕ್ರಮ ತಗೊಳ್ಳಿ. ನಮ್ಮವರಿಂದ ಗಟ್ಟಿಯಾಗಿ ಓದುವ ಅಭ್ಯಾಸ ತಗೊಳ್ಳಿ. ಇವೆರಡು ಕೂಡಿದರೆ ಕೂಟಕ್ಕೆ ಬೇಕಾದದ್ದು ಬಹುಪಾಲು ಸಿಕ್ಕಂತೆ.

ಮೊದಲ ಹೆಜ್ಜೆ: ಐದಾರು ಜನರನ್ನು ಫೋನ್ ಮಾಡಿ ಕರೆಯಿರಿ

ಬ್ಯಾಚಿನ ಗುಂಪಿನಲ್ಲಿ 'ಯಾರಿಗೆ ಆಸಕ್ತಿ ಇದೆ?' ಅಂತ ಹಾಕಬೇಡಿ. ಐವತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಭಾನುವಾರ ಮೂರು ಜನ ಬರುತ್ತಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ. 'ಇಂಥ ದಿನ, ಇಂಥ ಜಾಗ, ಈ ಎಂಟು ಪುಟ ಓದಿಕೊಂಡು ಬರಬೇಕು, ಬರ್ತೀರಾ?' ಅಂತ ನೇರವಾಗಿ ಕೇಳಿ. ಹೀಗೆ ಕೇಳಿದಾಗ ಹೂಂ ಅಂದವರು ಬರುತ್ತಾರೆ.

ಶುರುವಿಗೆ ಐದು ಜನ ಸಾಕು. ಹನ್ನೆರಡು ಹದಿಮೂರು ದಾಟಿದರೆ ಕೆಲವರು ಸುಮ್ನೆ ಕೂತು ಕೇಳುವವರಾಗಿಬಿಡುತ್ತಾರೆ. ಆಗ ಎರಡು ಕೂಟ ಮಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಹುಡುಕಲು ಹೊರಟಾಗ ಗಂಡಸರ ನಂಬರು ಬೇಗ ಸಿಗುತ್ತದೆ. ನಿಮ್ಮ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾರೆ, ನಂಬರು ಬದಲಾಗಿರುತ್ತದೆ, ಕೆಲವರ ಹೆಸರಿನ ಮುಂದಿನ ಅಕ್ಷರವೂ ಬದಲಾಗಿರುತ್ತದೆ. ಅವರ ಗೆಳತಿಯರ ಮೂಲಕ, ತವರಿನ ಮೂಲಕ, ಹಳೆಯ ಹಾಸ್ಟೆಲ್ ಪರಿಚಯದ ಮೂಲಕ ಹುಡುಕಿ. ಚಿನ್ನದ ಪದಕ ತಗೊಂಡು ಆಮೇಲೆ ಪುಸ್ತಕ ಮುಟ್ಟಲು ಬಿಡುವೇ ಸಿಗದವರು ಎಷ್ಟು ಜನ! ಅವರಿಗೆ ಈ ಕೂಟದ ಅಗತ್ಯ ಎಲ್ಲರಿಗಿಂತ ಹೆಚ್ಚು. ಅವರು ಬರಬೇಕಾದರೆ ಹೊತ್ತು, ಜಾಗ, ಮಕ್ಕಳನ್ನು ಕರೆತರುವ ಅನುಕೂಲ ಎಲ್ಲವನ್ನೂ ಅವರನ್ನು ಕೇಳಿಯೇ ಗೊತ್ತು ಮಾಡಿ.

ಒಂದೇ ವಿಭಾಗದವರನ್ನೇ ಕರೆಯಬೇಡಿ. ಕನ್ನಡ ಓದಿದವರ ಜೊತೆ ಒಬ್ಬರು ಇತಿಹಾಸದವರು, ಒಬ್ಬರು ತತ್ವಶಾಸ್ತ್ರದವರು, ಸಾಧ್ಯವಾದರೆ ಒಬ್ಬರು ಗಣಿತದವರೂ ಇರಲಿ. ಹಳೆಯ ಕಾಲದ ಉದಾರ ಶಿಕ್ಷಣದಲ್ಲಿ ವ್ಯಾಕರಣ, ತರ್ಕ, ವಾಕ್ಕಲೆಯ ಪಕ್ಕದಲ್ಲೇ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಇದ್ದವು. 'ಈ ಮಾತಿಗೂ ಹಿಂದಿನ ಮಾತಿಗೂ ಏನು ಸಂಬಂಧ?' ಅಂತ ಕೇಳುವ ಗಣಿತದ ಮನುಷ್ಯ ಒಬ್ಬ ಇದ್ದರೆ ಕೂಟ ಎಚ್ಚರವಾಗಿರುತ್ತದೆ.

ಡಿಗ್ರಿ ಇಲ್ಲದವರು ಬರಬಹುದೇ? ಖಂಡಿತ ಬರಬಹುದು. ಕಾಲೇಜಿನ ಮೆಟ್ಟಿಲು ಹತ್ತದೆ ಕುಮಾರವ್ಯಾಸನ ಸಂಧಿಗಟ್ಟಲೆ ಬಾಯಿಪಾಠ ಹೇಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಥವರು ಒಬ್ಬರು ಸಿಕ್ಕರೆ ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಓದಿಕೊಂಡು ಬರಬೇಕು ಅನ್ನುವುದೊಂದೇ ಷರತ್ತು ಸಾಕು.

ಪಠ್ಯ ಆರಿಸುವುದು

ಹೊಸ ಉತ್ಸಾಹದಲ್ಲಿ ಎಲ್ಲರೂ ದೊಡ್ಡದಕ್ಕೇ ಕೈ ಹಾಕುತ್ತಾರೆ. ಹದಿನಾಲ್ಕು ಆಶ್ವಾಸದ (ಅಂದರೆ ಅಧ್ಯಾಯದ) ಪಂಪಭಾರತವನ್ನು ಮೊದಲ ಪದ್ಯದಿಂದ ಶುರು ಮಾಡಿದರೆ ಎರಡನೆಯ ಆಶ್ವಾಸಕ್ಕೆ ಬರುವಷ್ಟರಲ್ಲಿ ಅರ್ಧ ಜನ ಇರುವುದಿಲ್ಲ. ಮೊದಲ ಕೂಟಕ್ಕೆ ಒಂದೇ ಸಂಜೆಯಲ್ಲಿ ಮುಗಿಯುವಂಥದ್ದು ಬೇಕು. ಹರಿಹರನ ಗುಂಡಯ್ಯನ ರಗಳೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕುಂಬಾರ ಗುಂಡಯ್ಯ ಮಡಕೆ ಬಡಿಯುತ್ತಾನೆ, ಆ ಸದ್ದಿಗೆ ಶಿವನೇ ಬಂದು ಕುಣಿಯುತ್ತಾನೆ. ಓದಲು ಲಯ ಇದೆ, ಭಾಷೆ ಅಷ್ಟೇನೂ ತೊಡಕಿಲ್ಲ, ಮಾತಾಡಲು ಬೇಕಾದಷ್ಟಿದೆ.

ಅದಾದ ಮೇಲೆ ಜನ್ನನ ಯಶೋಧರ ಚರಿತೆ. 1209ರ ಕಾವ್ಯ. ಮುನ್ನೂರು ಚಿಲ್ಲರೆ ಪದ್ಯ, ನಾಲ್ಕು ಅವತಾರ (ಇಲ್ಲಿ ಅಧ್ಯಾಯಕ್ಕೆ ಇದೇ ಹೆಸರು). ಅವತಾರಕ್ಕೊಂದರಂತೆ ನಾಲ್ಕು ಸಲ ಸೇರಿದರೆ ಒಂದು ಪೂರ್ತಿ ಕಾವ್ಯ ಓದಿ ಮುಗಿಸಿದ ಖುಷಿ ಸಿಗುತ್ತದೆ. ಈ ಖುಷಿ ಬೇಗ ಸಿಗಬೇಕು, ಅದು ಕೂಟವನ್ನು ಮುಂದಕ್ಕೆ ತಳ್ಳುತ್ತದೆ. ಅದರ ಕತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದು ಹಿಂಸೆಯೋ ಅಲ್ಲವೋ ಅನ್ನುವ ಒಂದು ಪ್ರಶ್ನೆ ಸಾಕು, ಟೀ ಆರಿ ತಣ್ಣಗಾದರೂ ಯಾರೂ ಎದ್ದು ಹೋಗುವುದಿಲ್ಲ.

ಹೊರಗಿನ ಪಠ್ಯಗಳನ್ನೂ ನಡುನಡುವೆ ತನ್ನಿ. ಬಿ.ಎಂ.ಶ್ರೀ. ಅವರ ಅಶ್ವತ್ಥಾಮನ್ 1929ರ ನಾಟಕ, ಅದರ ಬೆನ್ನಿಗೆ ಇರುವುದು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಏಜಾಕ್ಸ್. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಗ್ರೀಕರ ವೀರನೂ ನಮ್ಮ ವೀರನೂ ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಸಾಕ್ರಟೀಸ್ ತನ್ನ ವಿಚಾರಣೆಯಲ್ಲಿ ಆಡಿದ ಮಾತುಗಳೂ ಒಂದು ಸಂಜೆಯ ಓದಿಗೆ ಸರಿಹೋಗುತ್ತವೆ.

ಎಲ್ಲರ ಕೈಯಲ್ಲೂ ಒಂದೇ ಮುದ್ರಣ ಇರಬೇಕು. ಇದು ಸಣ್ಣ ವಿಷಯ ಅಲ್ಲ. ಒಬ್ಬರು '42ನೇ ಪದ್ಯ' ಅಂದಾಗ ಇನ್ನೊಬ್ಬರ ಪುಸ್ತಕದಲ್ಲಿ ಅದು ಬೇರೆ ಎಲ್ಲೋ ಇದ್ದರೆ ಹತ್ತು ನಿಮಿಷ ಹುಡುಕಾಟದಲ್ಲೇ ಹೋಗುತ್ತದೆ. ಪಂಪಭಾರತಕ್ಕೆ ಪದ್ಯಗಳ ಅರ್ಥ ಬಿಡಿಸುವ ಡಿ.ಎಲ್. ನರಸಿಂಹಾಚಾರ್ಯರ ದೀಪಿಕೆ ಒಂದು ಪ್ರತಿ ಕೂಟಕ್ಕೆ ಬೇಕೇ ಬೇಕು. ಪದ ತಿಳಿಯದಿದ್ದರೆ ನೋಡಲು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಇದೆ. ಅದನ್ನು ಎಲ್ಲರೂ ಕೊಳ್ಳಲಾಗದು, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. 1894ರ ಕಿಟೆಲ್ ನಿಘಂಟು ಇಂಟರ್ನೆಟ್ಟಿನಲ್ಲೇ ಸಿಗುತ್ತದೆ.

ದಿನ, ಹೊತ್ತು, ಜಾಗ

ಹದಿನೈದು ದಿನಕ್ಕೊಮ್ಮೆ ಸೇರುವುದು ಸರಿಯಾದ ಅಳತೆ. ವಾರಕ್ಕೊಮ್ಮೆ ಅಂದರೆ ಓದಿಕೊಂಡು ಬರಲು ಆಗುವುದಿಲ್ಲ. ತಿಂಗಳಿಗೊಮ್ಮೆ ಅಂದರೆ ಒಂದು ಸಲ ತಪ್ಪಿದವರು ಎರಡು ತಿಂಗಳು ದೂರ ಉಳಿಯುತ್ತಾರೆ. ದಿನ ಬದಲಾಯಿಸಬೇಡಿ. 'ಎರಡನೇ, ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತೂವರೆ' ಅಂದರೆ ಅದೇ. ಮೂರು ಜನ ಬಂದರೂ ನಡೆಸಿ.

ಜಾಗಕ್ಕೆ ದುಡ್ಡು ಕೊಡಬೇಕಾಗಿಲ್ಲ. ಭಾನುವಾರ ಶಾಲೆಯ ಒಂದು ಕೊಠಡಿ, ಗ್ರಂಥಾಲಯದ ಸಭಾಂಗಣ, ಯಾರದಾದರೂ ಮನೆಯ ಹಾಲ್ ಇದ್ದರೆ ಸಾಕು. ಹೋಟೆಲ್ ಬೇಡ. ಗದ್ದಲದಲ್ಲಿ ಪದ್ಯ ಕೇಳಿಸುವುದಿಲ್ಲ, ಮಾಣಿ ಬಂದು ಬಂದು ನಿಲ್ಲುತ್ತಾನೆ. ದೇವಸ್ಥಾನದ ಅಥವಾ ಮಠದ ಜಾಗ ಸುಲಭವಾಗಿ ಸಿಗಬಹುದು, ಆದರೆ ಎಲ್ಲ ಜಾತಿ ಧರ್ಮದವರೂ ಮುಜುಗರವಿಲ್ಲದೆ ಬಂದು ಕೂರುವ ಜಾಗ ಅದೇನಾ ಅಂತ ಯೋಚಿಸಿ. ಎಲ್ಲರೂ ದುಂಡಗೆ ಕೂರುವಂತೆ ಕುರ್ಚಿ ಹಾಕಿ. ವೇದಿಕೆ, ಮೈಕು, ಹಾರ, ಶಾಲು ಯಾವುದೂ ಬೇಡ. ಸ್ವಾಗತ ಭಾಷಣ, ವಂದನಾರ್ಪಣೆಯೂ ಬೇಡ. ನಮ್ಮ ಎಷ್ಟೋ ಸಾಹಿತ್ಯ ಕಾರ್ಯಕ್ರಮಗಳಲ್ಲಿ ಅರ್ಧ ಹೊತ್ತನ್ನು ಇವೇ ನುಂಗುತ್ತವೆ, ಅಲ್ವಾ?

ಪ್ರಶ್ನೆಯೇ ಕೂಟದ ಬೆನ್ನೆಲುಬು

ಈ ಭಾಗವನ್ನು ನಿಧಾನವಾಗಿ ಓದಿ. ಜನ ಬಂದರೂ, ಪುಸ್ತಕ ಇದ್ದರೂ, ಪ್ರಶ್ನೆ ಸರಿಯಿಲ್ಲದಿದ್ದರೆ ಕೂಟ ಉಪನ್ಯಾಸವಾಗುತ್ತದೆ, ಇಲ್ಲವೇ ಹರಟೆಯಾಗುತ್ತದೆ.

ನಾವೆಲ್ಲ ಪರೀಕ್ಷೆ ಬರೆದು ಬಂದವರು. ಹಾಗಾಗಿ ಪ್ರಶ್ನೆ ಅಂದ ಕೂಡಲೇ 'ಪಂಪನ ಕಾವ್ಯದಲ್ಲಿ ಕುಲದ ಪರಿಕಲ್ಪನೆಯನ್ನು ವಿವರಿಸಿ' ಅನ್ನುವ ಧಾಟಿ ಬರುತ್ತದೆ. ಇದಕ್ಕೆ ಎಲ್ಲರೂ ನೋಟ್ಸ್ ನೆನಪಿಸಿಕೊಂಡು ಉತ್ತರ ಹೇಳುತ್ತಾರೆ. ಯಾರೂ ಪುಸ್ತಕ ತೆರೆಯುವುದಿಲ್ಲ. ಕೂಟದ ಪ್ರಶ್ನೆಗೆ ಮೂರು ಗುಣ ಬೇಕು. ಕೇಳುವವರಿಗೇ ಅದರ ಉತ್ತರ ಗೊತ್ತಿರಬಾರದು. ಉತ್ತರ ಹುಡುಕಲು ಪದ್ಯಕ್ಕೇ ಹೋಗಬೇಕು. ಎರಡು ಕಡೆಯೂ ವಾದ ಮಾಡಲು ಬರಬೇಕು.

ಒಂದು ಉದಾಹರಣೆ ನೋಡೋಣ. ಪಂಪಭಾರತದ ಹತ್ತನೆಯ ಆಶ್ವಾಸದಲ್ಲಿ ದುರ್ಯೋಧನ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುತ್ತಾನೆ. ಕರ್ಣನಿಗೆ ತಡೆಯಲಾಗುವುದಿಲ್ಲ. ಈ ಮುದುಕನಿಗೆ ಪಟ್ಟ ಯಾಕೆ, ಹಗೆಗಳ ಎಲುಬು ಮುರಿಯಬೇಕಾದರೆ ನನಗೆ ಕಟ್ಟು ಅನ್ನುತ್ತಾನೆ. ದ್ರೋಣನಿಗೆ ಸಿಟ್ಟು ಬಂದು, ನಿನ್ನ ನಾಲಿಗೆಯೇ ನಿನ್ನ ಕುಲವನ್ನು ಹೇಳುತ್ತಿದೆ ಅನ್ನುವಂತೆ ಚುಚ್ಚುತ್ತಾನೆ. ಆಗ ಕರ್ಣ ಹೇಳುವ ಮಾತು ಕನ್ನಡ ಓದಿದ ಎಲ್ಲರಿಗೂ ಗೊತ್ತು: 'ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಂ'. ಹುಟ್ಟಿದ ಕುಲ ಕುಲವಲ್ಲ, ಛಲ ಕುಲ, ಗುಣ ಕುಲ. ಇದಾದ ಮೇಲೆ ಭೀಷ್ಮ ಬಾಯಿ ಬಿಡುತ್ತಾನೆ. ಕಲಿತನದ ಉಬ್ಬು, ಹರೆಯದ ಸೊಕ್ಕು, ಒಡೆಯನ ನಂಬಿಕೆ, ತೋಳಿನ ಬಲ, ಇವೆಲ್ಲ ನಿನಗಿರುವಷ್ಟು ನನಗೆಲ್ಲಿದೆ ಅನ್ನುತ್ತಾನೆ. ಕೊನೆಗೆ, ಈ ಮಹಾಯುದ್ಧದಲ್ಲಿ ನಿನಗೂ ಸರದಿ ಬರುತ್ತದೆ ಕಾಣಪ್ಪ ಅನ್ನುತ್ತಾನೆ.

ಈಗ ಪ್ರಶ್ನೆ: ದ್ರೋಣ ಕುಲ ಎತ್ತಿದ, ಕರ್ಣ ಕುಲಕ್ಕೆ ಉತ್ತರ ಕೊಟ್ಟ. ಭೀಷ್ಮ ಮಾತ್ರ ಕುಲದ ಸುದ್ದಿಗೇ ಬರುವುದಿಲ್ಲ. ಯಾಕೆ?

ಕೂಟದಲ್ಲಿ ಇದು ಹೀಗೆ ಸಾಗಬಹುದು. ಮೊದಲು ಒಬ್ಬರು, 'ಮಾತು ತಪ್ಪಿಸಿಕೊಂಡ, ಅಷ್ಟೇ. ಕರ್ಣನ ಮಾತಿಗೆ ಅವನ ಹತ್ತಿರ ಉತ್ತರ ಇಲ್ಲ' ಅನ್ನುತ್ತಾರೆ. ಇನ್ನೊಬ್ಬರು, 'ದೊಡ್ಡವನು, ಹುಡುಗನ ಜೊತೆ ಜಗಳಕ್ಕೆ ಇಳಿಯಲಿಲ್ಲ' ಅನ್ನುತ್ತಾರೆ. ಇವೆರಡೂ ಪುಸ್ತಕ ಮುಚ್ಚಿಟ್ಟೂ ಹೇಳಬಹುದಾದ ಮಾತು. ಇಲ್ಲಿ ಕೂಟ ನಡೆಸುವವರು ಒಂದೇ ಕೆಲಸ ಮಾಡಬೇಕು: 'ಪದ್ಯ ಇನ್ನೊಂದು ಸಲ ಓದೋಣ' ಅನ್ನಬೇಕು. ಓದುತ್ತಿದ್ದಂತೆ ಯಾರಾದರೊಬ್ಬರಿಗೆ ಹೊಳೆಯುತ್ತದೆ. ಭೀಷ್ಮ ಎಣಿಸಿದ ಪಟ್ಟಿ ನೋಡಿ: ಕಲಿತನ, ಹರೆಯ, ಒಡೆಯನ ನಂಬಿಕೆ, ತೋಳ್ಬಲ. ಇದರಲ್ಲಿ ಹುಟ್ಟಿನಿಂದ ಬಂದ ಕುಲ ಇಲ್ಲ. ಹಾಗಾದರೆ ಕರ್ಣ ಯಾವ ಅಳತೆಗೋಲು ಕೊಟ್ಟನೋ ಅದರಲ್ಲೇ ಭೀಷ್ಮ ಅವನನ್ನು ಅಳೆದನಾ? ಸುಮ್ಮನಿದ್ದೇ ಕರ್ಣನ ಮಾತು ಒಪ್ಪಿಕೊಂಡನಾ? ತಕ್ಷಣ ಇನ್ನೊಬ್ಬರು, 'ಆ ಪಟ್ಟಿಯಲ್ಲಿ ಉಬ್ಬು, ಸೊಕ್ಕು ಅನ್ನುವ ಮಾತೂ ಇದೆಯಲ್ಲ, ಅದು ಮೆಚ್ಚುಗೆಯಾ?' ಅಂತ ಹಿಡಿಯುತ್ತಾರೆ. ಈಗ ಎಲ್ಲರ ಕಣ್ಣೂ ಪುಟದ ಮೇಲಿದೆ. ಕೂಟ ಶುರುವಾಗುವುದು ಈ ಗಳಿಗೆಯಲ್ಲಿ.

ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು ಟಿವಿ ಧಾರಾವಾಹಿಯಲ್ಲಿ ನೋಡಿದ್ದನ್ನೋ, ವ್ಯಾಸಭಾರತದಲ್ಲಿ ಇರುವುದನ್ನೋ ತರುತ್ತಾರೆ. ಮೊದಲ ಒಂದು ಗಂಟೆ ಅದಕ್ಕೆ ಅವಕಾಶ ಬೇಡ. ಮುಂದಿರುವ ಪದ್ಯದಲ್ಲಿ ಏನಿದೆಯೋ ಅಷ್ಟರ ಮೇಲೆ ಮಾತಾಡಬೇಕು. ವಿಮರ್ಶಕರು ಏನು ಹೇಳಿದ್ದಾರೆ ಅನ್ನುವುದೂ ಕಡೆಯ ಕಾಲು ಗಂಟೆಗೆ ಇರಲಿ. ಈ ಒಂದು ನಿಯಮದಿಂದ ಪಿಎಚ್.ಡಿ. ಮಾಡಿದವರೂ ಹದಿನೈದು ವರ್ಷದಿಂದ ಪುಸ್ತಕ ಮುಟ್ಟದವರೂ ಒಂದೇ ಮಟ್ಟದಲ್ಲಿ ಕೂರಲು ಸಾಧ್ಯವಾಗುತ್ತದೆ. ಅದಕ್ಕಾಗಿಯೇ ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಪ್ರಶ್ನೆ ತರುವ ಸರದಿ ಪ್ರತಿ ಸಲ ಬೇರೆಯವರದಾಗಲಿ. ಪ್ರಶ್ನೆಯನ್ನು ಮುಂಚೆಯೇ ಗುಂಪಿಗೆ ಹಾಕಬೇಡಿ. ಹಾಕಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ.

ಎರಡು ಗಂಟೆ ಹೇಗೆ ಕಳೆಯಬೇಕು

ಮೊದಲ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದು. ಒಬ್ಬೊಬ್ಬರೂ ನಾಲ್ಕೈದು ಪದ್ಯ ಓದಲಿ. ಗಮಕ ಬಲ್ಲವರಿದ್ದರೆ ಅವರು ಹಾಡಲಿ, ಇಲ್ಲದವರು ಹೇಗೆ ಬರುತ್ತದೋ ಹಾಗೆ ಓದಲಿ. ಹಳಗನ್ನಡ ಬಾಯಲ್ಲಿ ಒಡೆಯದೆ ಅರ್ಥವಾಗುವುದಿಲ್ಲ. ಪದ ಎಲ್ಲಿ ಬಿಡಿಸಬೇಕು ಅನ್ನುವುದು ಓದುವಾಗಲೇ ಗೊತ್ತಾಗುತ್ತದೆ. ಆಮೇಲೆ ಹತ್ತು ನಿಮಿಷ ತಿಳಿಯದ ಪದಗಳಿಗೆ. ಆಮೇಲೆ ಪ್ರಶ್ನೆ. ನಡುವೆ ಟೀ ಬೇಡ, ಮುಗಿದ ಮೇಲೆ ಕುಡಿಯೋಣ. ಟೀ ನಡುವೆ ಬಂದರೆ ಎರಡನೆಯ ಅರ್ಧದಲ್ಲಿ ಡಿಎ, ವರ್ಗಾವಣೆ, ಮಕ್ಕಳ ಸಿಇಟಿ ಬಂದುಬಿಡುತ್ತವೆ.

ನಿಮ್ಮ ಹಳೆಯ ಮೇಷ್ಟ್ರು ಕೂಟಕ್ಕೆ ಬರುತ್ತೇನೆ ಅಂದರೆ ಸಂತೋಷ. ಆದರೆ ಅವರು ಬಂದ ಕೂಡಲೇ ಎಲ್ಲರೂ ಮತ್ತೆ ವಿದ್ಯಾರ್ಥಿಗಳಾಗಿ 'ನೀವೇ ಹೇಳಿ ಸಾರ್' ಅನ್ನುತ್ತಾರೆ. ಹಾಗಾಗಿ ಮೊದಲೇ ಅವರ ಹತ್ತಿರ ವಿನಯವಾಗಿ ಮಾತಾಡಿ. 'ಸಾರ್, ಇಲ್ಲಿ ಉಪನ್ಯಾಸ ಇರಲ್ಲ, ನೀವೂ ನಮ್ಮ ಜೊತೆ ಒಬ್ಬರಾಗಿ ಕೂತ್ಕೊಳ್ಳಬೇಕು. ಕೊನೆಗೆ ನಿಮ್ಮ ಮಾತು ಕೇಳ್ತೀವಿ' ಅನ್ನಿ. ಒಳ್ಳೆಯ ಮೇಷ್ಟ್ರು ಇದಕ್ಕೆ ಖುಷಿಯಿಂದ ಒಪ್ಪುತ್ತಾರೆ. ಸೇಂಟ್ ಜಾನ್ಸ್‌ನಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳನ್ನೂ, ವಿದ್ಯಾರ್ಥಿಗಳು ಅಧ್ಯಾಪಕರನ್ನೂ ಶ್ರೀ, ಶ್ರೀಮತಿ ಅನ್ನುವ ಒಂದೇ ಗೌರವದಲ್ಲಿ ಕರೆಯುವುದು ರೂಢಿ. ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ 'ನೀವು' ಅನ್ನುವುದು ಸಾಕು. ಜೂನಿಯರ್ ಹುಡುಗನನ್ನೂ ಕೂಟದಲ್ಲಿ 'ನೀವು' ಅನ್ನಿ. ಅವನ ಬೆನ್ನು ನೆಟ್ಟಗಾಗುತ್ತದೆ, ಮಾತು ಬರುತ್ತದೆ.

ಬಾಯಿ ಬಿಡದವರನ್ನು ಹೆಸರು ಹಿಡಿದು 'ನೀವೇನಂತೀರಿ?' ಅಂತ ಕೇಳಬೇಡಿ, ಹೆದರುತ್ತಾರೆ. 'ಈ ಪದ್ಯ ನೀವು ಓದ್ತೀರಾ?' ಅನ್ನಿ. ಓದಿದ ಮೇಲೆ ಒಂದು ಮಾತು ತಾನಾಗಿ ಬರುತ್ತದೆ. ತುಂಬಾ ಮಾತಾಡುವವರಿಗೆ ಕೂಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ, ಎಲ್ಲರ ಎದುರು ಬೇಡ.

ಜಗಳ ಬಂದಾಗ

ಬಂದೇ ಬರುತ್ತದೆ. ಮೇಲಿನ ಕರ್ಣನ ಪ್ರಸಂಗವನ್ನೇ ತಗೊಳ್ಳಿ. ಕುಲದ ಮಾತು ಬಂದಾಗ ಕೋಣೆಯಲ್ಲಿ ಕೂತಿರುವವರಿಗೆ ಅದು ಹತ್ತನೆಯ ಶತಮಾನದ ಕತೆ ಮಾತ್ರ ಆಗಿರುವುದಿಲ್ಲ. ಕೆಲವರು ಆ ಚುಚ್ಚುಮಾತನ್ನು ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಸ್ವತಃ ಕೇಳಿ ಬಂದಿರುತ್ತಾರೆ. 'ಸಾಹಿತ್ಯದಲ್ಲಿ ಜಾತಿ ಯಾಕೆ ತರ್ತೀರಿ' ಅಂತ ಅವರ ಬಾಯಿ ಮುಚ್ಚಿಸಬಾರದು. ಪಂಪನೇ ತಂದಿದ್ದಾನೆ. ಅನುಭವದ ಮಾತು ಬಂದರೆ ಪೂರ್ತಿ ಕೇಳಿ, ಮರುಮಾತಾಡಬೇಡಿ, ಒಂದು ನಿಮಿಷ ಬಿಟ್ಟು ಪದ್ಯಕ್ಕೆ ಮರಳಿ. ಅವರ ಮಾತಿನಿಂದ ಪದ್ಯದಲ್ಲಿ ಏನು ಹೊಸದಾಗಿ ಕಂಡಿತು ಅನ್ನುವಲ್ಲಿಂದ ಮುಂದುವರಿಸಿ.

ಪಕ್ಷ ರಾಜಕೀಯಕ್ಕೆ ಮಾತ್ರ ಗಟ್ಟಿಯಾದ ಬೇಲಿ ಬೇಕು. ಇವತ್ತಿನ ನಾಯಕರ ಹೆಸರು ಕೂಟದಲ್ಲಿ ಎತ್ತುವಂತಿಲ್ಲ, ಹೊಗಳಲಿಕ್ಕೂ ಇಲ್ಲ, ತೆಗಳಲಿಕ್ಕೂ ಇಲ್ಲ. ಇದನ್ನು ಮೊದಲ ದಿನವೇ ಹೇಳಿ.

ವಾಟ್ಸಾಪ್, ದುಡ್ಡು, ನೋಂದಣಿ

ಕೂಟಕ್ಕೆ ಬೇರೆಯೇ ಗುಂಪು ಮಾಡಿ, ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಇಡಿ. ಅದರಲ್ಲಿ ಬರಬೇಕಾದದ್ದು ದಿನ, ಜಾಗ, ಪುಟ ಸಂಖ್ಯೆ ಇಷ್ಟೇ. ಹರಟೆಗೆ ಹಳೆಯ ಗುಂಪು ಇದ್ದೇ ಇದೆ.

ದುಡ್ಡು ಕಡಿಮೆ ಇದ್ದಷ್ಟೂ ನೆಮ್ಮದಿ. ಟೀ, ಬಿಸ್ಕತ್ತು, ಜೆರಾಕ್ಸ್ ಖರ್ಚನ್ನು ಅಲ್ಲೇ ಹಂಚಿಕೊಂಡು ಮುಗಿಸಿ. ಸಂಘ ನೋಂದಣಿಯ ಯೋಚನೆ ಮೊದಲ ವರ್ಷ ಬೇಡವೇ ಬೇಡ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಅನ್ನುವುದರಲ್ಲೇ ಗೆಳೆತನ ಕೆಡುತ್ತದೆ. ಮುಂದೆ ಪುಸ್ತಕ ಪ್ರಕಟಿಸಬೇಕು, ಅನುದಾನ ಕೇಳಬೇಕು ಅನ್ನಿಸಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಕನಿಷ್ಠ 7 ಜನ ಸೇರಿ ಮಾಡಿಕೊಳ್ಳಬಹುದು. ಆಮೇಲೆ ಪ್ರತಿ ವರ್ಷ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕು ಅನ್ನುವುದೂ ನೆನಪಿರಲಿ.

ದೂರದಲ್ಲಿರುವವರು

ಮುಂಬೈ, ದುಬೈ, ನ್ಯೂಜೆರ್ಸಿಯಲ್ಲಿ ಇರುವ ಸಹಪಾಠಿಗಳು ತಮ್ಮನ್ನೂ ಸೇರಿಸಿಕೊಳ್ಳಿ ಅನ್ನುತ್ತಾರೆ. ಕೋಣೆಯಲ್ಲಿ ಹತ್ತು ಜನ, ಫೋನಿನಲ್ಲಿ ಇಬ್ಬರು ಅನ್ನುವ ಬೆರಕೆ ಸರಿಬರುವುದಿಲ್ಲ. ಫೋನಿನಲ್ಲಿರುವವರಿಗೆ ಅರ್ಧ ಕೇಳಿಸುತ್ತದೆ, ಮಾತಾಡಲು ಸಂದು ಸಿಗುವುದಿಲ್ಲ. ಅವರಿಗೆ ಪೂರ್ತಿ ಆನ್‌ಲೈನ್ ಕೂಟವೇ ಬೇರೆ ಮಾಡಿ. ಭಾರತದಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ಅಮೆರಿಕದ ಪೂರ್ವ ತೀರದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 11, ಚಳಿಗಾಲದಲ್ಲಿ 10. ಇದು ಎರಡೂ ಕಡೆಯವರಿಗೆ ಒಗ್ಗುವ ಹೊತ್ತು. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಅದಕ್ಕೆ ಯಾರಾದರೂ ಒಬ್ಬರ ಪಾವತಿ ಖಾತೆ ಬಳಸಿ. ಆನ್‌ಲೈನಿನಲ್ಲಿ ಆರೇಳು ಜನಕ್ಕಿಂತ ಜಾಸ್ತಿ ಬೇಡ, ಪದ್ಯದ ಪುಟವನ್ನು ಪರದೆಯ ಮೇಲೆ ಇಟ್ಟುಕೊಂಡೇ ಮಾತಾಡಿ.

ಹೊರನಾಡಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಅಲ್ಲಿನ ಕನ್ನಡ ಸಂಘಗಳಲ್ಲಿ ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ನಡೆಯುತ್ತವೆ. ಅದೇ ಸಂಘದ ಒಳಗೆ ಐದು ಜನ ಓದುಗರು ಇದ್ದೇ ಇರುತ್ತಾರೆ. ಊಟದ ಸಾಲಿನಲ್ಲಿ ನಿಂತಾಗ 'ನೀವು ಕಾಲೇಜಿನಲ್ಲಿ ಏನು ಓದಿದ್ರಿ?' ಅಂತ ಕೇಳಿ ನೋಡಿ. ಇಂಜಿನಿಯರ್ ಅಂದುಕೊಂಡವರು ಸಂಸ್ಕೃತ ಓದಿದವರಾಗಿರುತ್ತಾರೆ.

ಹೊಸಬರು ಬರುವ ಬಾಗಿಲು

ಒಂದೇ ವಯಸ್ಸಿನವರ ಕೂಟ ಆ ವಯಸ್ಸಿನ ಜೊತೆಗೇ ಮುದಿಯಾಗುತ್ತದೆ. ಆದ್ದರಿಂದ ಒಂದು ವರ್ಷ ನಡೆದ ಮೇಲೆ ನಿಮ್ಮ ಹಳೆಯ ಕಾಲೇಜಿಗೆ ಹೋಗಿ. ಬಿ.ಎ., ಎಂ.ಎ. ಕೊನೆಯ ವರ್ಷದ ಮಕ್ಕಳಿಗೆ ಭಾಷಣ ಬೇಡ, ತರಗತಿಯಲ್ಲೇ ಒಂದು ಕೂಟ ನಡೆಸಿ ತೋರಿಸಿ. ಕಲಾ ವಿಭಾಗದ ಮಕ್ಕಳಿಗೆ 'ಇದನ್ನು ಓದಿ ಏನು ಸಿಗುತ್ತೆ' ಅನ್ನುವ ಮಾತು ಮನೆಯಲ್ಲೂ ಬೀದಿಯಲ್ಲೂ ಕೇಳಿ ಸಾಕಾಗಿರುತ್ತದೆ. ಅದೇ ಪುಸ್ತಕ ಓದಿ ಬ್ಯಾಂಕಿನಲ್ಲಿ, ಪತ್ರಿಕೆಯಲ್ಲಿ, ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಹತ್ತು ಜನ ಎದುರು ಬಂದು ಕೂತರೆ ಅವರಿಗೆ ಬೇರೆ ಮಾತು ಬೇಕಾಗುವುದಿಲ್ಲ. ಕೂಟ ಮುಗಿದ ಮೇಲೆ ಕೆಲಸದ ವಿಷಯವನ್ನೂ ಬಿಚ್ಚಿ ಮಾತಾಡಿ: ಬಿ.ಇಡಿ. ಮಾಡಬೇಕಾ, ಕಾಲೇಜು ಅಧ್ಯಾಪಕರಾಗಲು ಬೇಕಾದ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಬೇಕಾ, ಅನುವಾದದ ಕೆಲಸ ಎಲ್ಲಿ ಸಿಗುತ್ತದೆ, ಸಂಬಳ ನಿಜಕ್ಕೂ ಎಷ್ಟು. ಒಬ್ಬೊಬ್ಬ ಹಿರಿಯರು ಒಬ್ಬೊಬ್ಬ ಹುಡುಗ, ಹುಡುಗಿಯ ನಂಬರು ತಗೊಳ್ಳಲಿ. ತಿಂಗಳಿಗೊಂದು ಫೋನ್ ಸಾಕು.

ವರ್ಷಕ್ಕೊಮ್ಮೆ ಎರಡು ದಿನ ಎಲ್ಲಾದರೂ ಉಳಿದುಕೊಂಡು ಓದಿ. ದಸರಾ ರಜೆ ಎಲ್ಲರಿಗೂ ಅನುಕೂಲ. ಕುಮಾರವ್ಯಾಸ ಓದುತ್ತಿದ್ದರೆ ಗದುಗಿನ ವೀರನಾರಾಯಣನ ಗುಡಿಗೆ ಹೋಗಿ. ಕವಿ ಒರಗಿ ಕೂತು ಬರೆದ ಕಂಬ ಅಂತ ಅಲ್ಲಿ ಒಂದನ್ನು ತೋರಿಸುತ್ತಾರೆ. ಪಂಪ ಓದುತ್ತಿದ್ದರೆ ಬನವಾಸಿಗೆ ಹೋಗಿ. ಗುಡಿಯ ಅಂಗಳದಲ್ಲಿ ಗಟ್ಟಿಯಾಗಿ ಓದುವುದಕ್ಕೂ ಟ್ಯೂಬ್‌ಲೈಟಿನ ಕೆಳಗೆ ಓದುವುದಕ್ಕೂ ವ್ಯತ್ಯಾಸ ಇದೆ, ಹೋಗಿಬಂದವರಿಗೆ ಗೊತ್ತು.

ಇನ್ನು ಉಳಿದದ್ದು ಹೊಣೆ ಬಿಟ್ಟುಕೊಡುವುದು. ಕೂಟ ಶುರು ಮಾಡಿದವರೇ ಎರಡು ವರ್ಷಕ್ಕಿಂತ ಜಾಸ್ತಿ ನಡೆಸಬಾರದು. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಪದ್ಯ, ಯಾರ ಪ್ರಶ್ನೆ, ಎಷ್ಟು ಜನ ಇದ್ದರು, ಯಾವುದು ಬಗೆಹರಿಯದೆ ಉಳಿಯಿತು, ಇಷ್ಟು ಬರೆದರೆ ಸಾಕು. ಎರಡು ವರ್ಷ ಆದ ಮೇಲೆ ಆ ನೋಟ್‌ಬುಕ್, ಅಡ್ಮಿನ್ ಹಕ್ಕು, ಶಾಲೆಯ ಕೊಠಡಿಯ ಬೀಗದ ಕೈ ಮೂರನ್ನೂ ಇನ್ನೊಬ್ಬರ ಕೈಗೆ ಕೊಡಿ. ಕೊಡುವಾಗ ಮುಂದಿನ ನಾಲ್ಕು ಕೂಟಗಳ ಪಠ್ಯ ಗೊತ್ತಾಗಿರಲಿ, ಮೊದಲ ಎರಡು ಕೂಟಗಳಿಗೆ ನೀವು ತಪ್ಪದೆ ಹೋಗಿ, ಎಲ್ಲರ ಹಾಗೆ ಪುಸ್ತಕ ತಗೊಂಡು ಕೂತುಕೊಳ್ಳಿ.